ಮನ್ಯಾನ ಸೇಡು

ಸರಸ್ವತೀಬಾಯಿಯ ಮಡಿಯೆಂದರೆ ಅಗರಖೇಡದಲ್ಲಿ ಹುಡುಗಾಟದ ಮಾತಲ್ಲ. ಪಟ್ಟೆ ಸೀರೆ ಉಟ್ಟರೆಂದರೆ ಹೆತ್ತ ಮಗ ಪಾಂಡುರಂಗನೂ ಮಾರು ದೂರ ನಿಲ್ಲಬೇಕು. ಅಂಥವರ ಮಡಿಬಟ್ಟೆಯ ಮೇಲೆಯೇ ಮನೆಯ ಗಂಡು ಬೆಕ್ಕು ಮನ್ಯಾ ಎರಡು ದಿನದಿಂದ ಉಚ್ಚೆ ಹೊಯ್ಯುತ್ತಿತ್ತು. ಮೊನ್ನೆ ಹಾಲಿಗೆ ಬಾಯಿ ಹಾಕಿತೆಂದು ಮುದುಕಿ ಒಂದೇಟು ಕೊಟ್ಟಿದ್ದರು, ನಿಜ. ಬೆಕ್ಕು ಸೇಡು ತೀರಿಸಿಕೊಳ್ಳುತ್ತಿದೆ ಎಂದು ಮನೆಮಂದಿಯೆಲ್ಲ ತೀರ್ಪು ಕೊಟ್ಟೂ ಆಯಿತು.

ಮೂರನೆಯ ಬೆಳಿಗ್ಗೆ ಪಾಂಡುರಂಗ ಗೋಣಿಚೀಲ ಹಿಡಿದು ಬಂದ. "ಇದನ್ನ ಹೊಳಿ ಪೂಲ ದಾಟಿಸಿ ಬಿಟ್ಟು ಬರ್ತೇನಿ."

"ಒಯ್ಯಿ, ಪೀಡಾ ಹೋಗ್ಲಿ" ಎಂದು ಸರಸ್ವತೀಬಾಯಿ ಆರತಿ ತಟ್ಟೆ ಹಿಡಿದು ತುಳಸಿಕಟ್ಟೆಗೆ ಹೊರಟರು.

ಕಟ್ಟೆಯ ಬುಡದಲ್ಲಿ ಮನ್ಯಾ ಕುಕ್ಕರಿಸಿ ಕೂತಿತ್ತು. ತಿಣುಕಿತು, ಅರಚಿತು, ಏನೂ ಬರಲಿಲ್ಲ. ಎದ್ದು ಎರಡು ಹೆಜ್ಜೆ ಇಟ್ಟು ಮತ್ತೆ ಕೂತಿತು. ಈ ಸಲ ಕಲ್ಲಿನ ಮೇಲೆ ಕೆಂಪಗೆ ಒಂದೇ ಹನಿ ಬಿತ್ತು.

ಮುದುಕಿ ಬಗ್ಗಿ ನೋಡಿದರು. ತೀರಿಹೋದ ಯಜಮಾನರು ಮೂತ್ರ ಕಟ್ಟಿ ಇಡೀ ದಿನ ಹೀಗೆಯೇ ಕೂತು ಎದ್ದು ನರಳಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಅಯ್ಯೋ, ಮೂಕಪ್ರಾಣಿ ನೋವು ತೋಡಿಕೊಂಡರೆ ತಾನು ಬೈದು ಅಟ್ಟಿದೆನಲ್ಲ ಎಂದುಕೊಂಡರು. ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಬೆಕ್ಕನ್ನು ಬಾಚಿ ಎತ್ತಿಕೊಂಡರು.

"ಅವ್ವಾ, ಮಡಿಯೊಳಗಿದ್ದೀ" ಎಂದ ಪಾಂಡುರಂಗ ಗಾಬರಿಯಿಂದ.

"ಮಡಿ ನಾಳೆನೂ ಉಡ್ಲಿಕ್ಕೆ ಬರ್ತದ. ಗಾಡಿ ತಗಿ, ಇಂಡಿಗೆ ನಡಿ."

"ಪೂಜಾ ಆಗಿಲ್ಲಲ್ಲ. ಒಂದು ತಾಸು ಬಿಟ್ಟು ಹೋಗೂಣು."

"ದೇವರು ಕಾಯ್ತಾನ. ಇದು ಕಾಯೂದಿಲ್ಲ."

ಇಂಡಿಯ ದನದ ದವಾಖಾನೆಯಲ್ಲಿ ಡಾಕ್ಟರ್ ಯಲ್ಲಾಲಿಂಗ ಬೆಕ್ಕಿನ ಹೊಟ್ಟೆ ಮುಟ್ಟಿ ನೋಡಿದರು. ಒಳಗೆ ಮೂತ್ರಚೀಲ ತುಂಬಿ ಬಿಗಿದು ನಿಂಬೆಹಣ್ಣಿನಷ್ಟು ಗಟ್ಟಿ ಗಡ್ಡೆಯಾಗಿತ್ತು.

"ಇದು ಸೇಡಲ್ರಿ ಅಜ್ಜಿ, ಬ್ಯಾನಿ. ಉಚ್ಚಿ ಕಟ್ಟೈತಿ. ಉರಿ ತಡೀಲಾರದ ಮೆತ್ತನ್ನ ಅರಿಬಿ ಹುಡುಕ್ಯಾಡೈತಿ. ಇನ್ನೊಂದು ದಿನ ಬಿಟ್ಟಿದ್ರ ಉಳೀತಿರ್ಲಿಲ್ಲ."

ಸೂಜಿ ಚುಚ್ಚಿ ಮಂಪರು ಬರಿಸಿ, ಎಳೆಯಂಥ ನಳಿಗೆ ಕೈಗೆತ್ತಿಕೊಂಡರು. "ದೂರ ಸರೀರಿ, ಸೀರಿ ಕೆಡತೈತಿ."

"ನಾ ಹಿಡೀತೇನಿ. ನೀ ನಿನ್ನ ಕೆಲಸ ನೋಡಪಾ."

ನಳಿಗೆ ಒಳಗೆ ಹೋಗಲೊಲ್ಲದು. ಡಾಕ್ಟರರ ಹಣೆಯಲ್ಲಿ ಬೆವರು. ಮುದುಕಿ ಬೆಕ್ಕಿನ ಕಾಲುಗಳನ್ನು ಬಿಗಿಯಾಗಿ ಹಿಡಿದು, ಮುಂಜಾನೆ ಬಿಟ್ಟುಬಂದ ಸ್ತೋತ್ರವನ್ನು ಅಲ್ಲಿಯೇ ಬಾಯಲ್ಲಿ ಹೇಳತೊಡಗಿದರು. ಡಾಕ್ಟರರು ಎರಡನೆಯ ಸಲ ನಳಿಗೆ ತೂರಿಸಿ ನೋಡಿದರು, ಮೂರನೆಯ ಸಲ ನೋಡಿದರು. ಆಮೇಲೆ ಒಮ್ಮೆಲೇ ಉಚ್ಚೆ ಚಿರ್ರೆಂದು ಚಿಮ್ಮಿ ಪಟ್ಟೆ ಸೀರೆಯ ನೆರಿಗೆಯೆಲ್ಲ ತೊಯ್ದುಹೋಯಿತು.

ತಾಯಿ ಈಗ ಗುಡುಗುತ್ತಾಳೆ ಎಂದು ಪಾಂಡುರಂಗ ಕಣ್ಣು ಮುಚ್ಚಿದ.

"ಬಂತು" ಎಂದರು ಸರಸ್ವತೀಬಾಯಿ. ಅವರ ಕಣ್ಣಲ್ಲಿ ನೀರಾಡಿತ್ತು. "ಬರ್ಲಿ, ಇನ್ನೂ ಬರ್ಲಿ."

ಮಗನ ಕಂಕುಳಲ್ಲಿ ಗೋಣಿಚೀಲ ಇನ್ನೂ ಹಾಗೆಯೇ ಇತ್ತು. ಮುದುಕಿ ಅದನ್ನು ನೋಡಿದರು. "ಅದನ್ನ ನಾಕು ಮಡಿಕಿ ಮಾಡಿ ಹಾಸು. ಮನ್ಯಾ ಅದರ ಮ್ಯಾಲೆ ಮಲಗಿ ಮನಿಗೆ ಬರ್ತಾನ."