ಕೆಟ್ಟಿದ್ದಲ್ಲ, ಕೆಡಿಸಿದ್ದು

ಭೂಗೋಳದ ಮೇಷ್ಟ್ರ ಮನೆಯಲ್ಲಿ ಯಾವ ಸಾಮಾನೂ ಸಾಯುತ್ತಿರಲಿಲ್ಲ. ಸಾಯಲು ಮಾವ ಬಿಡುತ್ತಿರಲಿಲ್ಲ.

ಮಾವ ಬಹಳ ವರ್ಷ ಮೋಟಾರು ವೈಂಡಿಂಗ್ ಅಂಗಡಿ ನಡೆಸಿದವರು. ಹೆಂಡತಿ ತೀರಿಕೊಂಡ ಮೇಲೆ ಅಂಗಡಿಗೆ ಬೀಗ ಹಾಕಿ, ಒಂದು ಸೂಟ್‌ಕೇಸಿನಲ್ಲಿ ಬಟ್ಟೆ, ಎರಡು ಪೆಟ್ಟಿಗೆ ತುಂಬ ಸಲಕರಣೆ ಹಿಡಿದುಕೊಂಡು ಒಬ್ಬಳೇ ಮಗಳು ಪುಟ್ಟಿಯ ಮನೆಗೆ ಬಂದರು. ಬಂದ ಮರುದಿನವೇ ಅಡುಗೆಮನೆಯ ನಲ್ಲಿಗೆ ಹೊಸ ವಾಷರು ಬಿತ್ತು. ಆ ವಾರ ಮುಗಿಯುವುದರೊಳಗೆ ಕಿರ್ರೆನ್ನುತ್ತಿದ್ದ ಬಾಗಿಲುಗಳೆಲ್ಲ ಬಾಯಿ ಮುಚ್ಚಿಕೊಂಡವು. ಮೇಷ್ಟ್ರಿಗೆ ಆಗ ಖುಷಿಯೇ ಆಗಿತ್ತು. ಮಾವ ಇರುವ ತನಕ ನಮ್ಮ ಮನೆಗೆ ಪ್ಲಂಬರು ಕಾಲಿಡುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಂಡದ್ದೂ ಉಂಟು.

ತೊಂದರೆ ಶುರುವಾದದ್ದು ವಾಷಿಂಗ್ ಮೆಷಿನ್ನಿನಿಂದ. ಮೇಷ್ಟ್ರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ದಿನಾ ಬಿಳಿ ಸಮವಸ್ತ್ರ ಒಗೆಯಲೇಬೇಕು. ಮೆಷಿನ್ನೋ ಮುದಿಯಾಗಿತ್ತು. ಅದು ಕೈಕೊಟ್ಟಾಗಲೆಲ್ಲ ಮಾವ ಅದನ್ನು ಮಗುಚಿ ಹಾಕಿ ಮತ್ತೆ ಜೀವ ಬರಿಸುತ್ತಿದ್ದರು. ಬೆಲ್ಟು ಹೋಯಿತು, ಬೇರೆ ಹಾಕಿದರು. ನೀರು ಹೋಗುವ ಪೈಪು ಒಡೆಯಿತು, ಸೈಕಲ್ ಟ್ಯೂಬು ಸುತ್ತಿದರು. ಕೊನೆಗೆ ಮುಚ್ಚಳದ ಸ್ವಿಚ್ಚು ಹಾಳಾದಾಗ ಆ ಮಾದರಿಯದು ಎಲ್ಲೂ ಸಿಗಲಿಲ್ಲ. ಮಾವ ಅದರ ಜಾಗಕ್ಕೆ ಒಂದು ಕಾಲಿಂಗ್ ಬೆಲ್ಲಿನ ಸ್ವಿಚ್ಚು ಕೂರಿಸಿದರು. ಬಟ್ಟೆ ಹಿಂಡುವಷ್ಟು ಹೊತ್ತೂ ಯಾರಾದರೂ ಅದನ್ನು ಒತ್ತಿ ಹಿಡಿದಿರಬೇಕು, ಅಷ್ಟೇ.

ಆ ಯಾರಾದರೂ ಎನ್ನುವವರು ಮೇಷ್ಟ್ರೇ ಆದರು. ಹೆಂಡತಿಗೆ ಡ್ಯೂಟಿ, ಮಾವನಿಗೆ ಸೊಂಟ ನೋವು. ಶಾಲೆಯಿಂದ ಬಂದು ಚಹಾ ಕುಡಿದು, ಬಚ್ಚಲುಮನೆಯ ಮೂಲೆಯಲ್ಲಿ ಹೆಬ್ಬೆರಳು ಊರಿ ನಿಂತರೆ ಮೆಷಿನ್ನಿನ ಜೊತೆ ಮೇಷ್ಟ್ರ ಮೈಯೆಲ್ಲ ನಡುಗುತ್ತಿತ್ತು. ಕನ್ನಡಕ ಮೂಗಿನ ತುದಿಗೆ ಇಳಿಯುತ್ತಿತ್ತು. ಮೆಷಿನ್ನು ಹೆಜ್ಜೆ ಹೆಜ್ಜೆಯಾಗಿ ಬಾಗಿಲ ಕಡೆ ನಡೆಯಲು ಹೊರಟರೆ ಮೊಣಕಾಲು ಅಡ್ಡ ಕೊಟ್ಟು ತಡೆಯಬೇಕಾಗುತ್ತಿತ್ತು. ಆಗ ಮಾವ ಬಂದು ಹೊಸ್ತಿಲಲ್ಲಿ ನಿಂತು, ಹೇಗಿದೆ ಮೇಷ್ಟ್ರೇ, ಕುದುರೆ ಥರ ಓಡ್ತಿದೆ ಅಲ್ವಾ ಎಂದು ಕೇಳುವರು. ಮೇಷ್ಟ್ರು ನಡುಗುತ್ತಲೇ ಹೌದು ಮಾವ ಎನ್ನುವರು. ಇಲ್ಲ ಎನ್ನಲು ಅವರಿಗೆ ಒಂದು ದಿನವೂ ಬಾಯಿ ಬರಲಿಲ್ಲ. ಹೊಸದು ಕೊಳ್ಳೋಣವೇ ಎಂದು ಹೆಂಡತಿಯ ಹತ್ತಿರ ಒಮ್ಮೆ ಮಾತು ತೆಗೆದರು. ಅಪ್ಪ ಇಷ್ಟು ಕಷ್ಟಪಟ್ಟು ರಿಪೇರಿ ಮಾಡಿದ್ದಾರೆ, ಅವರ ಮನಸ್ಸಿಗೆ ನೋವಾಗುತ್ತೆ ರೀ ಎಂದು ಅವಳು ಅಲ್ಲಿಗೇ ಮುಗಿಸಿದಳು.

ಒಂದು ಭಾನುವಾರ ಮಧ್ಯಾಹ್ನ ಮಾವ ಊಟ ಮಾಡಿ ಮಲಗಿದ್ದರು. ಹೆಂಡತಿ ಸ್ನಾನಕ್ಕೆ ನೀರು ಕಾಯಿಸಿಟ್ಟು ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತಿದ್ದಳು. ಮೇಷ್ಟ್ರು ಮಾವನ ಪೆಟ್ಟಿಗೆಯಿಂದಲೇ ಸ್ಕ್ರೂಡ್ರೈವರ್ ತೆಗೆದು ಮೆಷಿನ್ನಿನ ಹಿಂದಿನ ಕವರು ಬಿಚ್ಚಿದರು. ಏನು ಮಾಡಬೇಕೆಂದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮೋಟಾರಿಗೆ ಹೋಗುವ ಒಂದು ನೀಲಿ ವೈರು ಕಣ್ಣಿಗೆ ಬಿತ್ತು. ಇಕ್ಕಳ ಹುಡುಕಿದರೆ ಸದ್ದಾಗುತ್ತದೆಂದು ಹೆಂಡತಿಯ ಬ್ಯಾಗಿನಿಂದ ನೇಲ್ ಕಟರ್ ತಂದು, ವೈರಿನ ಮೇಲಿದ್ದ ಪ್ಲಾಸ್ಟಿಕ್ ಕೊಳವೆಯನ್ನು ಸರಿಸಿ, ಒಳಗೆ ಕಚ್ ಕಚ್ ಎಂದು ಕತ್ತರಿಸಿ, ಕೊಳವೆಯನ್ನು ಮತ್ತೆ ಮೇಲಕ್ಕೆ ಎಳೆದರು. ಹೊರಗಿನಿಂದ ಏನೂ ಕಾಣಲಿಲ್ಲ. ಕೈ ತೊಳೆದುಕೊಂಡು ಬಂದು ಪೇಪರು ಹಿಡಿದು ಕೂತರು.

ಮರುದಿನ ಮೆಷಿನ್ನು ಅಲುಗಾಡಲಿಲ್ಲ. ಮಾವ ಎಂದಿನಂತೆ ಲುಂಗಿ ಮೇಲಕ್ಕೆ ಕಟ್ಟಿ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಅದರ ಹಿಂದೆ ಕೂತರು. ಇನ್ನು ಸಂಜೆಯ ತನಕ ಇದೇ ಗಲಾಟೆ ಎಂದು ಮೇಷ್ಟ್ರು ಅಂದುಕೊಂಡಿದ್ದರು. ಆದರೆ ಮಾವ ಸ್ವಲ್ಪ ಹೊತ್ತಿಗೇ ಎದ್ದು ಬಂದರು. ಮೋಟಾರು ಸುಟ್ಟು ಹೋಗಿದೆ, ಇದು ಇನ್ನು ಆಗೋದಲ್ಲ, ಪುಟ್ಟಿಗೆ ಬೇಕಾದ್ದು ಒಂದು ಹೊಸದು ತಂದುಕೊಳ್ಳಿ ಎಂದರು. ಮಗಳ ಮುಖವನ್ನೂ ನೋಡಲಿಲ್ಲ, ಅಳಿಯನ ಮುಖವನ್ನೂ ನೋಡಲಿಲ್ಲ. ಕವರಿನ ಸ್ಕ್ರೂಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಹಾಕಿದರು.

ಮೋಟಾರು ಜೀವಮಾನವೆಲ್ಲ ಬಿಚ್ಚಿ ಸುತ್ತಿದ ಮನುಷ್ಯನಿಗೆ ತುಂಡಾದ ಒಂದು ವೈರು ಕಣ್ಣಿಗೆ ಬೀಳಲಿಲ್ಲವೇ ಎಂದು ಮೇಷ್ಟ್ರಿಗೆ ಪಿಚ್ಚೆನಿಸಿತು. ಕಣ್ಣು ಮಂಜಾಗಿರಬೇಕು, ವಯಸ್ಸಾಯಿತಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಅಂಗಡಿಗೆ ಮೂವರೂ ಹೋದರು. ಮಾರುವ ಹುಡುಗಿ ಚುರುಕಾಗಿದ್ದಳು. ಮುಂದೆ ಬಾಗಿಲಿರುವುದು ನೀರು ಕಡಿಮೆ ಕುಡಿಯುತ್ತದೆ, ಬಟ್ಟೆ ಹೆಚ್ಚು ಚೊಕ್ಕಟವಾಗುತ್ತದೆ, ಆದರೆ ಪ್ರತಿ ಸಲವೂ ಬಗ್ಗಬೇಕು; ಮೇಲೆ ಮುಚ್ಚಳವಿರುವುದಾದರೆ ನಡುವೆ ಮರೆತ ಕಾಲುಚೀಲವನ್ನೂ ಹಾಕಬಹುದು ಎಂದೆಲ್ಲ ಬಿಡಿಸಿ ಹೇಳಿದಳು. ನಲ್ಲಿಯಲ್ಲಿ ನೀರಿನ ರಭಸ ಎಷ್ಟಿದೆ ಎಂದು ಕೇಳಿದಾಗ ಗಂಡ ಹೆಂಡತಿ ಇಬ್ಬರೂ ಮಾವನ ಕಡೆ ತಿರುಗಿದರು. ಮಾವ ಸಾಲದು ಅಂತೇನಿಲ್ಲ ಎಂದಷ್ಟೇ ಹೇಳಿ, ಗೋಡೆಯ ಮೇಲಿನ ಫ್ಯಾನುಗಳನ್ನು ನೋಡುತ್ತ ನಿಂತರು. ಬೇರೆ ದಿನವಾಗಿದ್ದರೆ ಆ ಹುಡುಗಿಯ ಬಾಯಿ ಒಣಗುವಷ್ಟು ಪ್ರಶ್ನೆ ಕೇಳುತ್ತಿದ್ದವರು. ಹೆಂಡತಿ ಕೊನೆಗೆ ಮುಂದೆ ಬಾಗಿಲಿರುವುದನ್ನೇ ಆರಿಸಿದಳು.

ಮನೆಗೆ ಬಂದ ಮೆಷಿನ್ನು ಬಚ್ಚಲುಮನೆಯ ಬಾಗಿಲಲ್ಲಿ ಹಿಡಿಸಲಿಲ್ಲ. ತಂದವರು ಬಾಗಿಲನ್ನೇ ಕೀಲಿನಿಂದ ಕಳಚಿ, ಚೌಕಟ್ಟಿನ ಬಣ್ಣ ಕೆರೆದು, ಬೈದುಕೊಳ್ಳುತ್ತ ಒಳಗೆ ಸಾಗಿಸಿದರು. ಬಾಗಿಲು ಎಷ್ಟು ಅಗಲವಿದೆ ಎನ್ನುವುದು ಮಾವನಿಗೆ ಬಾಯಿಪಾಠ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಪ್ಪ, ಅಂಗಡೀಲೇ ಯಾಕೆ ಹೇಳಲಿಲ್ಲ ಎಂದು ಮಗಳು ಕೇಳಿದಳು. ನೀವು ಆಸೆಪಟ್ಟು ಆರಿಸಿದ್ದು, ನಡುವೆ ನಾನ್ಯಾಕೆ ಬಾಯಿ ಹಾಕಲಿ ಎಂದು ಮಾವ ಮೆಲ್ಲಗೆ ಹೇಳಿದರು.

ಹೊಸ ಮೆಷಿನ್ನು ಬೆಕ್ಕಿನ ಹಾಗೆ ಗುರುಗುಟ್ಟುತ್ತ ತನ್ನ ಪಾಡಿಗೆ ತಾನು ಒಗೆಯಿತು. ಮೇಷ್ಟ್ರ ಹೆಬ್ಬೆರಳಿಗೆ ಬಿಡುವಾಯಿತು. ಆದರೆ ಮನೆಯ ಗಾಳಿಯೇ ಬದಲಾಗಿ ಹೋಯಿತು. ಮಾವ ಸಲಕರಣೆಯ ಪೆಟ್ಟಿಗೆಗಳಿಗೆ ಹಗ್ಗ ಬಿಗಿದು ಮಂಚದ ಕೆಳಗೆ ತಳ್ಳಿದರು. ಕಿಟಕಿಯ ಚಿಲಕ ಸಡಿಲವಾಯಿತು, ಮುಟ್ಟಲಿಲ್ಲ. ಮಿಕ್ಸಿ ಗೊರಗೊರ ಎಂದರೆ ಯಾರನ್ನಾದರೂ ಕರೆಸ್ತೀಯಾ ಎಂದು ಮಗಳನ್ನು ಕೇಳಿದರು. ಅಷ್ಟೇ ಆಗಿದ್ದರೆ ಸರಿ. ಫ್ಯಾನು ಹಾಕಿಕೊಳ್ಳಲು ಕೇಳುತ್ತಿದ್ದರು. ಟೀವಿ ಹಾಕಲು ಕೇಳುತ್ತಿದ್ದರು. ಇನ್ನೊಂದು ಲೋಟ ಚಹಾ ಬೇಕೆಂದರೆ, ನಿನಗೆ ತೊಂದರೆ ಇಲ್ಲ ಅಂದ್ರೆ ಮಾತ್ರ ಪುಟ್ಟಿ ಎನ್ನುತ್ತಿದ್ದರು. ಮಗಳು ಡ್ಯೂಟಿಯಿಂದ ಬಂದ ಕೂಡಲೇ ತಮ್ಮ ಕೋಣೆಗೆ ಸರಿದುಬಿಡುವರು.

ಹೇಳಿಬಿಡೋಣ ಎಂದು ಮೇಷ್ಟ್ರು ಎಷ್ಟೋ ಸಲ ಮಾವನ ಕೋಣೆಯ ಬಾಗಿಲ ತನಕ ಹೋದರು. ಹೋಗಿ, ಊಟಕ್ಕೆ ಬನ್ನಿ ಮಾವ ಎಂದು ಕರೆದು ಬಂದರು. ತರಗತಿಯಲ್ಲಿ ನದಿಗಳ ಪಾಠ ಮಾಡುತ್ತಿರುವಾಗಲೂ ಟಾರ್ಚು ಕಚ್ಚಿಕೊಂಡು ಕೂತ ಆ ಬೆನ್ನು ಕಣ್ಣಿಗೆ ಕಟ್ಟುತ್ತಿತ್ತು. ನನ್ನ ಕೈ ಇನ್ನು ಕೆಲಸಕ್ಕೆ ಬಾರದು ಎಂದು ಆ ಮನುಷ್ಯ ಒಳಗೊಳಗೇ ಕುಗ್ಗುತ್ತಿದ್ದಾರೆ, ಕುಗ್ಗಿಸಿದವನು ನಾನು ಎಂದು ಮೇಷ್ಟ್ರು ಕೊರಗಿದರು.

ಒಂದು ಬೆಳಿಗ್ಗೆ ಹೆಂಡತಿ ಕಣ್ಣು ಕೆಂಪು ಮಾಡಿಕೊಂಡು ಹೇಳಿದಳು. "ಅಪ್ಪನ ತಲೆಗೆ ಏನೋ ಆಗ್ತಿದೆ ರೀ. ಇಂಥ ಕೇಸು ನಾನು ವಾರ್ಡಲ್ಲಿ ನೋಡಿದ್ದೀನಿ. ಮೊದಲು ಬರ್ತಿದ್ದ ಕೆಲಸ ಮರೆತುಹೋಗುತ್ತೆ, ಆಮೇಲೆ ಮನೆಯವರೇ ಮರೆತುಹೋಗ್ತಾರೆ. ನಮ್ಮ ಆಸ್ಪತ್ರೆ ಡಾಕ್ಟರ ಹತ್ರ ಹೇಳಿಟ್ಟಿದ್ದೀನಿ. ನಂಗೆ ಡ್ಯೂಟಿ ಇದೆ, ನೀವೇ ಕರ್ಕೊಂಡು ಬನ್ನಿ."

ಮೇಷ್ಟ್ರು ರಜೆ ಹಾಕಿ ಮಾವನನ್ನು ಕರೆದುಕೊಂಡು ಹೊರಟರು. ಮಾವ ಯಾಕೆ, ಏನು ಎಂದೂ ಕೇಳಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಶಾಲೆಗೆ ಹೊರಟ ಮಗುವಿನಂತೆ ಹಿಂದೆ ಬಂದರು. ಅದನ್ನು ನೋಡಿಯೇ ಮೇಷ್ಟ್ರಿಗೆ ತಡೆಯಲಾಗಲಿಲ್ಲ.

ಡಾಕ್ಟರ ಕೋಣೆಯ ಹೊರಗೆ ಉದ್ದನೆಯ ಕಬ್ಬಿಣದ ಬೆಂಚು. ಎದುರಿನ ಗೋಡೆಯಲ್ಲಿ ಕೈ ತೊಳೆಯುವುದು ಹೇಗೆ ಎಂಬ ಚಿತ್ರ. ಇಬ್ಬರೂ ಅದನ್ನೇ ನೋಡುತ್ತ ಕೂತಿದ್ದರು.

"ಮಾವ, ನಿಮಗೆ ಏನೂ ಆಗಿಲ್ಲ" ಎಂದರು ಮೇಷ್ಟ್ರು.

"ಅದನ್ನ ಡಾಕ್ಟರು ಹೇಳಬೇಕಲ್ಲ ಮೇಷ್ಟ್ರೇ."

"ಆ ಮೆಷಿನ್ನು ಕೆಟ್ಟಿದ್ದಲ್ಲ. ಕೆಡಿಸಿದ್ದು. ನಾನೇ ಕೆಡಿಸಿದೆ. ನೀವು ಮಲಗಿದ್ದಾಗ ವೈರು ಕತ್ತರಿಸಿದೆ."

ಮಾವ ಚಿತ್ರದಿಂದ ಕಣ್ಣು ತೆಗೆಯಲಿಲ್ಲ. ಅದನ್ನೇ ನೋಡುತ್ತ ಕೇಳಿದರು. "ನೇಲ್ ಕಟರ್‌ನಿಂದಾ?"

ಮೇಷ್ಟ್ರು ತಟ್ಟನೆ ಅವರ ಕಡೆ ತಿರುಗಿದರು. "ನಿಮಗೆ ಗೊತ್ತಿತ್ತಾ?"

"ಕೊಳವೆ ಸರಿಸಿದ ತಕ್ಷಣ ಗೊತ್ತಾಯ್ತು. ಹಳೇ ವೈರು ತಾನಾಗಿ ತುಂಡಾದರೆ ಎಳೆ ಎಳೆ ಬಿಟ್ಕೊಂಡಿರುತ್ತೆ. ಇದು ಉಗುರು ಕತ್ತರಿಸಿದ ಹಾಗೆ ಡೊಂಕಾಗಿ ಕಟ್ ಆಗಿತ್ತು. ನಮ್ಮನೇಲಿ ನೇಲ್ ಕಟರ್ ಇರೋದು ಪುಟ್ಟಿ ಬ್ಯಾಗಲ್ಲಿ ಒಂದೇ." ಮಾವ ಈಗ ಅಳಿಯನ ಕಡೆ ತಿರುಗಿದರು. "ಹಾಗಾದ್ರೆ ಅದು ಪುಟ್ಟಿ ಅಲ್ವಾ?"

ಅಲ್ಲ ಎಂದು ಮೇಷ್ಟ್ರು ತಲೆಯಾಡಿಸಿದರು.

"ಅಪ್ಪನ ಕಾಟ ತಡೆಯೋಕಾಗದೆ, ಬಾಯಿ ಬಿಟ್ಟು ಹೇಳೋಕೂ ಆಗದೆ, ಹುಡುಗಿ ಹೀಗೆ ಮಾಡಿದ್ಲು ಅಂದ್ಕೊಂಡೆ. ಇನ್ನೂ ಯಾವ್ಯಾವುದಕ್ಕೆ ಬೇಜಾರು ಮಾಡ್ಕೊಂಡಿದ್ದಾಳೋ ಏನೋ ಅಂತ ಒಂದೊಂದನ್ನೂ ಕೇಳಿ ಕೇಳಿ ಮಾಡ್ತಿದ್ದೆ. ಫ್ಯಾನು ಹಾಕೋದಕ್ಕೂ ಹೆದರಿಕೆ ಆಗ್ತಿತ್ತು."

ಮೇಷ್ಟ್ರು ನೆಲ ನೋಡಿದರು. ತಾವು ಮಾಡಿದ್ದು ಒಂದು ತಪ್ಪು ಎಂದು ಇಷ್ಟು ದಿನ ಅಂದುಕೊಂಡಿದ್ದರು, ಆದದ್ದು ಇನ್ನೊಂದು. ಮಾವನಿಗೆ ತಮ್ಮ ಕೈಯ ಮೇಲಿನ ನಂಬಿಕೆ ಹೋಗಿದ್ದರೆ ಇನ್ನೊಂದು ಮೆಷಿನ್ನು ರಿಪೇರಿಯಾದ ದಿನ ಅದು ವಾಪಸು ಬರುತ್ತಿತ್ತು. ಇಲ್ಲಿ ಹೋದದ್ದು ಮಗಳ ಜೊತೆಗಿನ ಸಲಿಗೆ. ಏನೂ ಅರಿಯದ ಅವಳು ತಂದೆಯ ಕಣ್ಣಲ್ಲಿ ಅಪರಾಧಿಯಾಗಿ ಚಹಾ ಸೋಸಿ ಕೊಡುತ್ತಿದ್ದಳು.

ತಪ್ಪಾಯ್ತು ಮಾವ ಎಂದರು. ಆ ಮಾತು ಅವರಿಗೇ ತೀರ ಹಗುರಾಗಿ ಕೇಳಿಸಿತು.

ಮಾವನಿಗೆ ಸಿಟ್ಟು ಬಂದದ್ದು ಆಗ. ದನಿ ಮಾತ್ರ ಏರಲಿಲ್ಲ. "ನನಗೆ ಮೋಸ ಮಾಡಿದ್ರಿ, ಹೋಗ್ಲಿ ಬಿಡಿ, ನಾನು ಮುದುಕ. ಆದ್ರೆ ನನ್ನ ಮಗಳನ್ನ ನಾನೇ ಅನುಮಾನಿಸೋ ಹಾಗೆ ಮಾಡಿದ್ರಲ್ಲ. ಅವಳಿಗೆ ನೀವೇ ಹೇಳಬೇಕು. ನಾನು ಹೇಳಲ್ಲ."

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಇನ್ನು ಬೇಡ, ಹೋಗೋಣ ಎಂದು ಮೇಷ್ಟ್ರು ಎದ್ದರು. ಇಷ್ಟು ದೂರ ಬಂದಿದ್ದೇನೆ, ಬಿಪಿಯನ್ನಾದರೂ ನೋಡಿಸಿಕೊಂಡು ಬರುತ್ತೇನೆ ಎಂದು ಮಾವ ಒಳಗೆ ಹೋದರು. ಡಾಕ್ಟರು ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಹೇಳಿ, ಅವರ ಮೇಜಿನ ಕುಂಟುವ ಕಾಲಿಗೆ ಏನು ಮಾಡಬೇಕೆಂದೂ ಹೇಳಿ ಬಂದರು.

ಅಂದು ಸಂಜೆ ಹೆಂಡತಿ ಒಣಗಿದ ಸಮವಸ್ತ್ರ ಮಡಚುತ್ತ ಕೂತಿದ್ದಾಗ ಮೇಷ್ಟ್ರು ಒಂದೂ ಬಿಡದೆ ಹೇಳಿದರು. ಬೈಗುಳಕ್ಕೆ ತಯಾರಾಗಿಯೇ ಇದ್ದರು. ಅವಳು ಬೈಯಲಿಲ್ಲ. ಅರ್ಧ ಮಡಚಿದ್ದನ್ನು ಹಾಗೇ ಬಿಟ್ಟು ಎದ್ದು ತಂದೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಮೊದಲು ಅಳು ಕೇಳಿಸಿತು, ಆಮೇಲೆ ಇಬ್ಬರ ಮಾತು, ಕೊನೆಗೆ ಮಾವ ಜೋರಾಗಿ ನಕ್ಕದ್ದು. ಹೊರಗೆ ಕೂತ ಮೇಷ್ಟ್ರಿಗೆ ಆ ನಗುವಿನಲ್ಲಿ ಪಾಲು ಇರಲಿಲ್ಲ.

ಅವಳು ಹಲವು ದಿನ ಗಂಡನ ಜೊತೆ ಬೇಕಾದಷ್ಟೇ ಮಾತಾಡಿದಳು. ಒಂದು ದಿನ ತಾನಾಗಿಯೇ ಬಂದು ಪಕ್ಕದಲ್ಲಿ ಕೂತು ಹೇಳಿದಳು. "ನಂಗೂ ಹೊಸದು ಬೇಕಿತ್ತು ರೀ. ಅಪ್ಪನಿಗೆ ನೋವಾಗುತ್ತೆ ಅಂತ ನಾನೂ ಸುಮ್ಮನಿದ್ದೆ. ಇಬ್ಬರೂ ಕೂತು ಅಪ್ಪನಿಗೆ ಹೇಳಿದ್ದಿದ್ರೆ ಅವತ್ತೇ ಮುಗೀತಿತ್ತು. ಆ ಮನುಷ್ಯನಿಗೆ ತಲೆ ಕೆಟ್ಟಿದೆ ಅಂತ ನಾನು ಹತ್ತು ಜನರ ಮುಂದೆ ಹೇಳಿಕೊಂಡೆನಲ್ಲ, ಅದನ್ನ ಎಲ್ಲಿ ತೊಳೀಲಿ?"

ಮಾವ ಮತ್ತೆ ಕೆಲಸಕ್ಕೆ ಕೈ ಹಚ್ಚಿದರು. ಮಗಳನ್ನು ಏನೂ ಕೇಳದೆ ಫ್ಯಾನು ಹಾಕಿಕೊಂಡರು. ಅಳಿಯನ ಮೇಲೆ ಮುನಿಸು ಇಟ್ಟುಕೊಳ್ಳಲಿಲ್ಲ. ಒಂದೇ ಒಂದು ಹೊಸ ಅಭ್ಯಾಸ ಉಳಿಯಿತು. ಏನಾದರೂ ಕೆಟ್ಟರೆ ಮೊದಲು ಮೇಷ್ಟ್ರ ಹತ್ತಿರ ಬಂದು, ಇದನ್ನ ರಿಪೇರಿ ಮಾಡ್ಲಾ ಬಿಡ್ಲಾ, ನಿಜ ಹೇಳಿ ಎನ್ನುತ್ತಿದ್ದರು. ಅದರಲ್ಲಿ ಕೊಂಕು ಇರಲಿಲ್ಲ, ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳುತ್ತಿದ್ದರು. ಅದಕ್ಕೇ ಮೇಷ್ಟ್ರಿಗೆ ಪ್ರತಿ ಸಲವೂ ಆ ಪ್ರಶ್ನೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಮಾಡಿ ಮಾವ, ಮಾಡಿ ಮಾವ ಎಂದು ಬಹಳ ದಿನ ಹೇಳಿದರು. ಅರ್ಧಕ್ಕರ್ಧ ಅದು ನಿಜವೂ ಆಗಿತ್ತು. ಆಮೇಲೆ ಒಂದು ದಿನ ಮಾವ ಹಳೆಯ ಟೇಬಲ್ ಲ್ಯಾಂಪು ಹಿಡಿದು ಬಂದರು. ಅದರ ಕತ್ತು ಮುರಿದಿತ್ತು, ಅದಕ್ಕೆ ಕೊಡೆಯ ಕಡ್ಡಿ ಕಟ್ಟುವ ಯೋಚನೆ ಅವರದು. ಮೇಷ್ಟ್ರು ಲ್ಯಾಂಪನ್ನು ನೋಡಿದರು, ಮಾವನನ್ನು ನೋಡಿದರು.

"ಬೇಡ ಮಾವ" ಎಂದರು. "ಇದು ದುಡಿದದ್ದು ಸಾಕು. ಹೊಸದು ತರೋಣ."

ಮಾವನ ಮುಖ ಒಂದು ಗಳಿಗೆ ಸಣ್ಣದಾಯಿತು. ಮೇಷ್ಟ್ರಿಗೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಬೇಕು ಅನ್ನಿಸಿತು. ತೆಗೆದುಕೊಳ್ಳಲಿಲ್ಲ.

"ಸರಿ ಹಾಗಾದ್ರೆ, ಅಂಗಡಿಗೆ ಹೋಗೋಣ" ಎಂದು ಮಾವ ಲ್ಯಾಂಪನ್ನು ಮೂಲೆಗಿಟ್ಟು, ಚಪ್ಪಲಿ ಎಲ್ಲಿದೆ ಎಂದು ಹುಡುಕತೊಡಗಿದರು.