ನಾಲ್ಕು ಬೆರಳು ಜಾಗ

ಕಾಲೇಜಿನ ಹಿಂದಿನ ಓಣಿಯಲ್ಲಿ ಒಂದು ನೀಲಿ ಬಾಗಿಲು. ಅದರ ಒಳಗೆ ಹನ್ನೆರಡು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಕೋಣೆ. ಮೊದಲು ಅಲ್ಲಿ ಮುರಿದ ಬೆಂಚುಗಳಿದ್ದವು. ಮೂರು ವರ್ಷಗಳಿಂದ ಅದೊಂದು ಪುಸ್ತಕದಂಗಡಿ: ಅಕ್ಷರ ಬರೆಯುವುದು, ಬಣ್ಣ ಕೂಡಿಸುವುದು, ಪುಟ ಜೋಡಿಸುವುದು ಹೇಗೆಂದು ಹೇಳುವ ಪುಸ್ತಕಗಳು; ಜೊತೆಗೆ ವಿದ್ಯಾರ್ಥಿಗಳೇ ಅಚ್ಚು ಹಾಕಿ ಹೊಲಿದ ಕಿರುಹೊತ್ತಗೆಗಳು. ನಡುವಿನ ದೊಡ್ಡ ಮೇಜಿನ ಮುಂದೆ ಕುಂಚ ಹಿಡಿದು ಬಂದ ಯಾರು ಬೇಕಾದರೂ ಕೂರಬಹುದು. ಅಂಗಡಿ ನಡೆಸುವವರು ವಿನ್ಯಾಸ ಕಲಿಯುವ ಆರು ಮಂದಿ.

ಆರು ಮಂದಿಯಲ್ಲಿ ಹಿರಿಯಳು ಕೊನೆಯ ವರ್ಷದ ಹುಡುಗಿ. ಸದಾ ಉಕ್ಕಿನ ಸ್ಕೇಲು ಹಿಡಿದಿರುತ್ತಿದ್ದ ಅವಳನ್ನು ಉಳಿದವರು ಸ್ಕೇಲಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೆ ಆ ಹೆಸರು ಇಷ್ಟವೇ. ಸಿಟ್ಟು ಬಂದಂತೆ ನಟಿಸುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ.

ಒಂದು ಶನಿವಾರ ಕಾಲೇಜಿನ ಮೇಲ್ವಿಚಾರಕರು ಬಂದು ಕೋಣೆಯನ್ನೊಮ್ಮೆ ಕಣ್ಣಳತೆ ಮಾಡಿ ಹೇಳಿದರು: "ನೀವು ನೀವೇ ಕೂತು ಹರಟೋಕೆ ಇಷ್ಟು ದೊಡ್ಡ ಕೋಣೆ ಯಾಕಮ್ಮ? ಬರೋ ಶನಿವಾರ ಬಿಟ್ಟು ಆಚೆ ಶನಿವಾರ ಒಂದು ಕೂಟ ಮಾಡಿ. ಹೊರಗಿನವರು ನಲವತ್ತು ಜನ ಬಂದರೆ ಕೋಣೆ ನಿಮ್ಮದು. ಇಲ್ಲದಿದ್ದರೆ ಬೆಂಚುಗಳದ್ದು."

ಭಿತ್ತಿಪತ್ರ ಸಿದ್ಧವಾಗಲು ಹನ್ನೊಂದು ದಿನ ಹಿಡಿಯಿತು. 'ಅಕ್ಷರ ನೋಡಲು ಬನ್ನಿ. ಶನಿವಾರ ಸಂಜೆ ನಾಲ್ಕಕ್ಕೆ.' ಇಷ್ಟೇ ಮಾತು. ಅಕ್ಷರದಿಂದ ಅಕ್ಷರಕ್ಕಿರುವ ಅಂತರಕ್ಕೇ ಆರು ದಿನ ಹೋದವು. ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಇತ್ತು. ಕನ್ನಡಕ ಎಂದು ಕರೆಸಿಕೊಳ್ಳುತ್ತಿದ್ದ ಕಿರಿಯ ಹುಡುಗಿ ಅಲ್ಲೊಂದು ಪೆನ್ಸಿಲ್ಲಿನ ಚಿತ್ರ ಹಾಕೋಣವೆಂದಳು. ಸ್ಕೇಲಕ್ಕ ಜಗ್ಗಲಿಲ್ಲ.

"ಅಲ್ಲಿ ಏನೂ ಬೇಡ. ಕಣ್ಣಿಗೆ ಸ್ವಲ್ಪ ಸುಧಾರಿಸಿಕೊಳ್ಳೋಕೆ ಬಿಡು."

ಎಂಬತ್ತೈದು ಪ್ರತಿ ಅಚ್ಚಾದವು. ಬುಧವಾರ ಎಂಬತ್ನಾಲ್ಕನ್ನು ಸುತ್ತಲಿನ ಬೀದಿಗಳ ಗೋಡೆಗೆ ಅಂಟಿಸಿ, ಒಂದನ್ನು ಅಂಗಡಿಯೊಳಗೆ ತೂಗುಹಾಕಿದರು.

ಗುರುವಾರ ಬೆಳಿಗ್ಗೆ ಸ್ಕೇಲಕ್ಕನ ಅಜ್ಜ ಬಂದರು. ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವರು; ಮೊಮ್ಮಗಳಿಗೆ ಮೊದಲು ಕುಂಚ ಹಿಡಿಸಿದವರೂ ಅವರೇ. ಓಣಿಯ ಗೋಡೆಯ ಮುಂದೆ ಕೈಕಟ್ಟಿ ಬಹಳ ಹೊತ್ತು ನಿಂತರು. ಅವಳು ಪಕ್ಕದಲ್ಲಿ ಕಾದಳು.

"ಅಕ್ಷರ ಚೆನ್ನಾಗಿದೆ ಪುಟ್ಟಿ. ಎಲ್ಲಿಗೆ ಬರಬೇಕು?"

"ಇಲ್ಲಿಗೇ ಅಜ್ಜ."

"ಅದು ನಿನಗೆ ಗೊತ್ತು. ಗೋಡೆಗೆ ಗೊತ್ತೇನು?"

ಅವಳು ಓದಿದಳು. ಹನ್ನೊಂದು ದಿನ ಆರು ಮಂದಿ ಒಂದೊಂದು ಅಕ್ಷರವನ್ನೂ ನೋಡಿದ್ದರು, ಒಬ್ಬರೂ ಓದಿರಲಿಲ್ಲ. ಜಾಗ ಎಲ್ಲರಿಗೂ ಗೊತ್ತಿದ್ದುದರಿಂದ ಅದನ್ನು ಬರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಅಚ್ಚಿನ ಮನೆಯವರು, ಮತ್ತೆ ಹಾಕಿಕೊಡುವುದಾದರೆ ಸೋಮವಾರವೇ ಎಂದರು. ಆರೂ ಮಂದಿಯ ಮುಖ ಸಪ್ಪಗಾಯಿತು. ಅಜ್ಜ ಮಾತ್ರ ಭಿತ್ತಿಪತ್ರದ ಕೆಳಗೆ ನಾಲ್ಕು ಬೆರಳು ಅಡ್ಡವಾಗಿ ಇಟ್ಟು ನೋಡಿದರು.

"ಜಾಗ ಸರಿಯಾಗೇ ಬಿಟ್ಟಿದ್ದೀಯಲ್ಲ. ಬರೆದರೆ ಆಯ್ತು."

"ಅಜ್ಜ, ಅದು ಖಾಲಿ ಇರಬೇಕಾದ ಜಾಗ!"

"ಸರಿ, ಖಾಲಿ ಇರಲಿ. ಶನಿವಾರ ಕೋಣೆನೂ ಖಾಲಿ ಇರುತ್ತೆ."

ಅವಳು ಒಳಗೆ ಹೋಗಿ ಏಳು ಕುಂಚ ತಂದಳು. ಎಂಬತ್ನಾಲ್ಕು ಭಿತ್ತಿಪತ್ರ, ಅಜ್ಜನೂ ಸೇರಿ ಏಳು ಜನ, ತಲೆಗೆ ಹನ್ನೆರಡು.

ಅವಳ ಪಾಲಿಗೆ ಬಂದ ಮೊದಲನೆಯದು ದರ್ಜಿಯ ಅಂಗಡಿಯ ಗೋಡೆಯ ಮೇಲಿತ್ತು. ಒರಟು ಕಲ್ಲಿನ ಮೇಲೆ ಸ್ಕೇಲು ನಿಲ್ಲದೆ ತೊಯ್ದಾಡಿತು. ದರ್ಜಿ ಹೊರಗೆ ಬಂದರು.

"ಏನಮ್ಮ, ಅಂಟಿಸಿದ ಮೇಲೆ ಬರೀತಾ ಇದ್ದೀಯ? ನಾನು ಅಂಗಿ ಕೊಟ್ಟ ಮೇಲೆ ತೋಳು ಮರೆತೆ ಅಂದರೆ ಸುಮ್ಮನಿರ್ತೀಯೇನು?"

"ತೋಳಿಲ್ಲದ್ದನ್ನೇ ಹಾಕ್ಕೊಂಡು ಓಡಾಡ್ತೀನಿ ಅಣ್ಣಾ. ಈಗ ಇದೊಂದು ಗೆರೆ ನೆಟ್ಟಗಾಗಲಿ."

ಅವರು ನಗುತ್ತ ಕೊರಳಿನ ಟೇಪು ತೆಗೆದು ಒಂದು ತುದಿ ಅವಳಿಗೆ ಕೊಟ್ಟು ಇನ್ನೊಂದನ್ನು ತಾವು ಎಳೆದು ಹಿಡಿದರು. ಆ ಟೇಪಿನ ನೇರಕ್ಕೆ ಅವಳು ಬರೆದಳು: 'ಕಾಲೇಜಿನ ಹಿಂದಿನ ಓಣಿ, ನೀಲಿ ಬಾಗಿಲು.' ದರ್ಜಿ ಹಿಂದೆ ಸರಿದು ನೋಡಿದರು. ಎದುರಿನ ಕ್ಷೌರಿಕರೂ ಕತ್ತರಿ ಹಿಡಿದುಕೊಂಡೇ ಬಂದರು.

"ಇದೇನು, ಇವರ ಗೋಡೆಯದ್ದು ದುಂಡಗಿದೆ! ನಮ್ಮ ಗೋಡೆಗೆ ಆ ಕನ್ನಡಕದ ಹುಡುಗಿ ಸೊಟ್ಟಗೆ ಗೀಚಿ ಹೋದಳಲ್ಲ?"

"ನಿಮ್ಮ ತಲೆ ಕಟ್ಟಿಂಗಿಗೆ ಅದೇ ಜಾಸ್ತಿ" ಎಂದರು ದರ್ಜಿ.

"ಯಾರದ್ದು ಚೆನ್ನಾಗಿದೆ ಅಂತ ಶನಿವಾರ ಬಂದು ಹೇಳಿ" ಎಂದಳು ಸ್ಕೇಲಕ್ಕ. ಮುಂದಿನ ಹನ್ನೊಂದು ಗೋಡೆಗಳ ಮುಂದೆಯೂ ಅವಳು ಅದನ್ನೇ ಹೇಳಿದಳು. ಕೈಯಲ್ಲಿ ಕುಂಚ ಕಂಡಕೂಡಲೇ ಜನ ತಾವಾಗಿಯೇ ಬಂದು ಮಾತಿಗೆ ನಿಲ್ಲುತ್ತಿದ್ದರು. ಬುಧವಾರ ಅಂಟಿಸುವಾಗ ಯಾರೂ ಹೀಗೆ ನಿಂತಿರಲಿಲ್ಲ.

ಶನಿವಾರ ನಾಲ್ಕಕ್ಕೆ ಬಂದವರು ಒಂಬತ್ತು ಜನ. ಮೇಲ್ವಿಚಾರಕರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಸ್ಕೇಲಕ್ಕ ಓಣಿಯ ತುದಿಯನ್ನೇ ನೋಡುತ್ತ ನಿಂತಳು. ನಾಲ್ಕೂ ಇಪ್ಪತ್ತಕ್ಕೆ ದರ್ಜಿಯವರು ತಮ್ಮ ಹೆಂಡತಿ, ಇಬ್ಬರು ಮಕ್ಕಳು, ಬಾಮೈದನನ್ನು ಕಟ್ಟಿಕೊಂಡು ಬಂದರು. ಅವರ ಹಿಂದೆಯೇ ಕ್ಷೌರಿಕರು, ಅರ್ಧ ಕೂದಲು ಕತ್ತರಿಸಿಕೊಂಡ ಗಿರಾಕಿಯೊಡನೆ. ಆಮೇಲೆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಬೀದಿಯ ಗೋಡೆಯೇ ಮೇಲೆಂದು ವಾದಿಸುತ್ತಿದ್ದರು. ವಾದಿಸುತ್ತಲೇ ಪುಸ್ತಕ ತೆಗೆದು ನೋಡುತ್ತಿದ್ದರು.

"ಐವತ್ತಮೂರು" ಎಂದು ಮೇಲ್ವಿಚಾರಕರು ಕುರ್ಚಿಯಿಂದ ಎದ್ದರು. "ಬೆಂಚುಗಳಿಗೆ ಬೇರೆ ಕೋಣೆ ಹುಡುಕ್ತೀನಿ."

ಆರೂ ಮಂದಿ ಒಟ್ಟಿಗೆ ಕಿರುಚಿದರು. ಆ ಗದ್ದಲ ಇಳಿಯುವ ಮೊದಲೇ ದರ್ಜಿ ಒಳಗೋಡೆಯ ಭಿತ್ತಿಪತ್ರಕ್ಕೆ ಬೆರಳು ತೋರಿಸಿದರು. "ಇದಕ್ಕೆ ಇನ್ನೂ ತೋಳು ಹೊಲಿದಿಲ್ಲ!"

"ಇದೊಂದಾದರೂ ಹಾಗೇ ಇರಲಿ ಸ್ಕೇಲಕ್ಕ. ನಿನ್ನ ನಾಲ್ಕು ಬೆರಳು" ಎಂದಳು ಕನ್ನಡಕ.

ಸ್ಕೇಲಕ್ಕ ಒಂದು ಕುಂಚ ತೆಗೆದಳು. ಅದನ್ನು ಅಜ್ಜನ ಮುಂದೆ ಚಾಚಿದಳು. "ನೀನು ಬರಿ ಅಜ್ಜ."

"ಮರೆತವಳು ನೀನು. ನೀನೇ ಬರಿ."

ಅವಳು ಸ್ಕೇಲನ್ನು ಮೇಜಿನ ಮೇಲಿಟ್ಟು ಬರಿಗೈಯಲ್ಲಿ ಬರೆದಳು. ಅಜ್ಜ ಒಂದು ಕಣ್ಣು ಮುಚ್ಚಿ ಸಾಲಿನ ಉದ್ದಕ್ಕೂ ದೃಷ್ಟಿ ಹಾಯಿಸಿದರು.

"ಬಲಕ್ಕೆ ಸ್ವಲ್ಪ ಏರಿದೆ."

"ಗೊತ್ತು ಅಜ್ಜ."

"ಇರಲಿ. ಬಾಗಿಲೂ ಆ ಕಡೆಗೇ ಇದೆ."