ಬೂದಿಯ ಕಿವಿಗಳು

ಗಿರಾಕಿಯ ಮಾತು ಕೇಳಿಸದಿದ್ದರೂ ಕ್ಷೌರದಂಗಡಿ ನಡೆಯುತ್ತದೆ ಎಂಬುದನ್ನು ಆ ಕ್ಷೌರಿಕ ಎರಡು ವರ್ಷದಿಂದ ಸಾಬೀತು ಮಾಡುತ್ತ ಬಂದಿದ್ದ. ಎದುರಿಗೆ ಗೋಡೆಯಗಲದ ಕನ್ನಡಿ. ಗಿರಾಕಿಯ ತುಟಿ ಅದರಲ್ಲಿ ಅಲುಗಿದರೆ ಸಾಕು, ಪಕ್ಕದಲ್ಲಿ ಸಣ್ಣಗೆ ಮಾಡಬೇಕೋ, ಮೀಸೆ ಮುಟ್ಟಬಾರದೋ, ಎಲ್ಲ ತಿಳಿಯುತ್ತಿತ್ತು. ತಿಳಿಯದ್ದಕ್ಕೆ "ಅದೂ ಸರಿಯೇ ಬಿಡಿ" ಎನ್ನುತ್ತಿದ್ದ. ಆ ಮಾತಿಗೆ ಬೇಜಾರು ಮಾಡಿಕೊಂಡ ಗಿರಾಕಿ ಒಬ್ಬನೂ ಇರಲಿಲ್ಲ.

ಬೆಟ್ಟದಲ್ಲಿ ಕನ್ನಡಿ ಎಲ್ಲಿಂದ ಬರಬೇಕು? ಅಲ್ಲಿ ಬೂದಿ ಇತ್ತು. ಬೂದು ಬಣ್ಣದ, ಅಗಲ ಎದೆಯ ನಾಯಿ. ಅಂಗಡಿಗೆ ರಜೆಯ ದಿನ ಪೈನ್ ಮರಗಳ ನಡುವಿನ ದಾರಿ ಹಿಡಿದು ಮೇಲಿನ ಕಲ್ಲುಮನೆಯವರೆಗೆ ಹೋಗಿ ಬರುವುದು ಇಬ್ಬರ ರೂಢಿ. ಬೂದಿ ಮುಂದೆ, ಅವನು ಹಿಂದೆ. ಅದರ ಕಿವಿ ಎಡಕ್ಕೆ ತಿರುಗಿದರೆ ಅವನ ಕಣ್ಣೂ ಎಡಕ್ಕೆ. ಕೊಂಬೆ ಮುರಿದಿರಬಹುದು, ಯಾರಾದರೂ ಬರುತ್ತಿರಬಹುದು. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದಿದ್ದ ಸುಖ ಇದೊಂದೇ. ಕಿವಿಯ ಸಂಗತಿ ಮಗನಿಗೆ ಗೊತ್ತಾದರೆ ಮೊದಲು ಕತ್ತರಿ ಬೀಳುವುದು ಇದಕ್ಕೇ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದ.

ಆ ವಾರ ಮೂರು ದಿನ ಬಿಡದೆ ಹಿಮ ಸುರಿಯಿತು. "ಒಬ್ಬರೇ ಹೋಗೋದಾದ್ರೆ ಬೇಡ," ಎಂದು ಮಗ ಖಡಾಖಂಡಿತವಾಗಿ ಹೇಳಿದ. ಅವನು ಲಿಫ್ಟ್ ರಿಪೇರಿ ಮಾಡುವವನು. ಅಪ್ಪನ ಜೊತೆ ಈಚೆಗೆ ಅಷ್ಟಕ್ಕಷ್ಟೇ ಮಾತು.

ಸೊಸೆ ಎದ್ದು ಬೂಟು ಹುಡುಕಿದಳು. "ನಾನು ಬರ್ತೀನಿ ಮಾವ. ಅಂಚೆ ಕಚೇರಿ ಕೌಂಟರಲ್ಲಿ ಕೂತು ಕೂತು ಕಾಲು ಜೋಮು ಹಿಡಿದುಹೋಗಿದೆ."

ದಾರಿ ಶುರುವಾಗುವಲ್ಲಿ ಅವಳು ಬೂದಿಯ ಹಗ್ಗವನ್ನು ತಾನೇ ತೆಗೆದುಕೊಂಡಳು. ಮಾವ ಆರಾಮಾಗಿ ಕೋಲೂರಿಕೊಂಡು ನಡೆಯಲಿ ಎಂದು. ಬೇಡ ಎನ್ನಲು ಅವನಿಗೊಂದು ನೆಪವೂ ಹೊಳೆಯಲಿಲ್ಲ. ಮುಂದೆ ನಡೆದ. ಹತ್ತು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುತ್ತಿದ್ದ; ಅವಳು ನಗುತ್ತಿದ್ದಳು, ಏನೋ ಹೇಳುತ್ತಿದ್ದಳು. ಏರು ಕಡಿದಾದ ಮೇಲೆ ಗಮನವೆಲ್ಲ ಕಾಲಿಗೆ ಹೋಯಿತು. ತಿರುಗಿ ನೋಡುವುದನ್ನು ಮರೆತ.

ಇದ್ದಕ್ಕಿದ್ದಂತೆ ಬೂದಿ ಓಡಿ ಬಂದು ಅಡ್ಡ ನಿಂತಿತು. ಕೊರಳಿನ ಹಗ್ಗ ಹಿಮದ ಮೇಲೆ ಹರಿದಾಡುತ್ತಿತ್ತು. ಬಾಯಿ ತೆರೆದು ಮುಚ್ಚುತ್ತಿತ್ತು, ಹಬೆ ಹೊರಡುತ್ತಿತ್ತು. "ಆಟ ಆಮೇಲೆ ಆಡೋಣ," ಎಂದು ಪಕ್ಕಕ್ಕೆ ಸರಿಸಿದ. ಅದು ಕೋಟಿನ ಅಂಚನ್ನು ಹಲ್ಲಲ್ಲಿ ಹಿಡಿದು ಜಗ್ಗಿತು. ಆಗ ತಿರುಗಿದ. ಹಿಂದೆ ದಾರಿ ಖಾಲಿ.

ಅವನು ಬಿದ್ದು ಎದ್ದು ಕೆಳಗಿಳಿದ. ತಿರುವಿನಲ್ಲಿ, ಪೈನ್ ಮರವೊಂದರ ಬುಡದ ಗುಂಡಿಯಲ್ಲಿ, ಸೊಸೆ ಎದೆಮಟ್ಟ ಹಿಮದಲ್ಲಿ ಹೂತಿದ್ದಳು. ಬಾಯಿ ಇನ್ನೂ ಕೂಗುತ್ತಲೇ ಇತ್ತು. ಅವನು ಬೋರಲಾಗಿ ಮಲಗಿ ಕೋಲು ಚಾಚಿದ. ಬೂದಿಯ ಹಗ್ಗವನ್ನು ಅವಳ ಕಂಕುಳ ಕೆಳಗೆ ಹಾಯಿಸಿ ಕಟ್ಟಿ, ಬಲವನ್ನೆಲ್ಲ ಹಾಕಿ ಎಳೆದ. ಮೂರನೆಯ ಸಲಕ್ಕೆ ಅವಳು ಮೇಲೆ ಬಂದಳು.

ಬಿದ್ದ ಮರದ ಮೇಲೆ ಕೂರಿಸಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟ. ಅವಳ ನಡುಕ ನಿಲ್ಲಲು ಎರಡು ಲೋಟ ಬೇಕಾಯಿತು.

"ಎಷ್ಟು ಸಲ ಕೂಗಿದೆ ಗೊತ್ತಾ ಮಾವ?"

"ಗಾಳಿ ಇತ್ತಲ್ಲಮ್ಮ."

ಪೈನ್ ಮರಗಳ ಒಂದು ಕೊಂಬೆಯೂ ಅಲುಗುತ್ತಿರಲಿಲ್ಲ. ಅವಳು ಅವನನ್ನೇ ನೋಡಿದಳು. ಆಮೇಲೆ ಮಫ್ಲರನ್ನು ಮೂಗಿನವರೆಗೆ ಎಳೆದುಕೊಂಡಳು. ಮಫ್ಲರಿನ ಹಿಂದೆ ಏನೋ ಅಲುಗಿತು.

"ಅದೂ ಸರಿಯೇ ಬಿಡು," ಎಂದ.

ಅವಳು ಮಫ್ಲರ್ ಇಳಿಸಿದಳು. "ನಿಮ್ಮ ಟೋಪಿಗೆ ಬೆಂಕಿ ಹತ್ತಿದೆ ಅಂದೆ ಮಾವ."

ಅವನು ಪಕ್ಕದಲ್ಲಿ ಕುಳಿತ. "ಎರಡು ವರ್ಷ ಆಯ್ತಮ್ಮ," ಎಂದ. "ನಿನ್ನ ಗಂಡನಿಗೆ ಹೇಳ್ಬೇಡ. ಬೆಟ್ಟ ಬಿಡಿಸಿಬಿಡ್ತಾನೆ. ಇವತ್ತು ನಿನಗೇನಾದ್ರೂ ಆಗಿದ್ದಿದ್ರೆ..."

ಅವಳು ಅವನ ಕೈ ಹಿಡಿದು, ಮುಖ ತನ್ನ ಕಡೆ ತಿರುಗುವವರೆಗೆ ಕಾದಳು. "ಅವರು ಏನಂದ್ಕೊಂಡಿದಾರೆ ಗೊತ್ತಾ? ಎಷ್ಟು ಕರೆದರೂ ಅಪ್ಪ ಓ ಅನ್ನಲ್ಲ, ಅಮ್ಮ ಹೋದಾಗ ತಾನು ಊರಲ್ಲಿರಲಿಲ್ಲ ಅಂತ ಅಪ್ಪನಿಗೆ ಇನ್ನೂ ಸಿಟ್ಟು ಅಂತ. ಎಷ್ಟೋ ದಿನ ಊಟ ಬಿಟ್ಟು ಎದ್ದು ಹೋಗಿದಾರೆ."

ಮಗ ಮಾತು ಬಿಟ್ಟಿದ್ದು ಸೊಕ್ಕಿನಿಂದ ಎಂದೇ ಅವನು ಇಷ್ಟು ದಿನ ಅಂದುಕೊಂಡಿದ್ದ. ಕಲ್ಲುಮನೆ ಇನ್ನೂ ಅರ್ಧ ಗಂಟೆಯ ದಾರಿಯಿತ್ತು. ಅವನು ಎದ್ದು ಕೆಳಗಿನ ದಾರಿ ಹಿಡಿದ.

ಮನೆಯಲ್ಲಿ ಮಗ ಹೀಟರ್ ಬಿಚ್ಚಿ ಹರಡಿಕೊಂಡು ಕುಳಿತಿದ್ದ. ಅಪ್ಪ ಬೂಟೂ ಕಳಚದೆ ಎದುರಿಗೆ ನಿಂತ.

"ನನಗೆ ಕಿವಿ ಕೇಳಿಸಲ್ಲ ಕಣೋ. ನಿನ್ನ ಮೇಲೆ ಯಾವ ಸಿಟ್ಟೂ ಇಲ್ಲ. ಯಾವತ್ತೂ ಇರಲಿಲ್ಲ."

ಮಗ ಸ್ಪ್ಯಾನರ್ ಕೆಳಗಿಟ್ಟ. ತಲೆ ಬಗ್ಗಿಸಿಕೊಂಡೇ ಏನೋ ಹೇಳಿದ.

"ಮುಖ ಎತ್ತಿ ಹೇಳು ಮಗನೇ, ತುಟಿ ಕಾಣಲಿ."

ಮಗ ಮುಖ ಎತ್ತಿದ. ಕಣ್ಣು ತುಂಬಿತ್ತು. "ಮೊದಲೇ ಯಾಕಪ್ಪ ಹೇಳ್ಲಿಲ್ಲ?"

ಆ ವಾರವೇ ಡಾಕ್ಟರ ಹತ್ತಿರ ಹೋದರು. ಕಿವಿಗೆ ಯಂತ್ರ ಬಂತು. ಬೆಟ್ಟವನ್ನು ಯಾರೂ ಬಿಡಿಸಲಿಲ್ಲ, ಒಬ್ಬರು ಜೊತೆಗಿರಬೇಕು ಎಂಬ ಷರತ್ತು ಮಾತ್ರ. ಯಂತ್ರ ಹಾಕಿಕೊಂಡ ಮೊದಲ ಸಂಜೆ ಮಗ ಊಟದ ಮೇಜಿನಾಚೆಯಿಂದ, ಕೆಟ್ಟ ಲಿಫ್ಟಿನಲ್ಲಿ ಸಿಕ್ಕಿಕೊಂಡ ಹೆಂಗಸೊಬ್ಬರು ಬಾಗಿಲು ತೆರೆಯುವಷ್ಟರಲ್ಲಿ ಸ್ವೆಟರಿನ ಒಂದು ತೋಳು ಹೆಣೆದು ಮುಗಿಸಿದ್ದ ಕತೆ ಹೇಳಿದ. ಅಪ್ಪ ನಕ್ಕ. ಮಗ ಇನ್ನೊಂದು ಶುರು ಮಾಡಿದ. ಸೊಸೆ ಸೂಪನ್ನು ಎರಡು ಸಲ ಬಿಸಿ ಮಾಡಿ, ಮೂರನೆಯ ಸಲ ಹಾಗೇ ಬಿಟ್ಟಳು.